ಕೀಲು ಹಾಕಿದ ಮೇಲೆ ಹಾರಿದ ಯಂತ್ರ: ಆಟೋಜೈರೋ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ, ಹಾರ್ತಿರೋ ಹೆಲಿಕಾಪ್ಟರ್ ಎಂಜಿನ್ ಕೆಟ್ಟುಹೋದ್ರೂ ಧೊಪ್ ಅಂತ ಬೀಳಲ್ಲ, ರೋಟರ್ (ತಲೆ ಮೇಲಿನ ದೊಡ್ಡ ಫ್ಯಾನ್) ಗಾಳಿಗೇ ತಿರುಗ್ತಾ ಇಳಿಯತ್ತೆ, ಈ ವಿದ್ಯೆ ಆಟೋಜೈರೋ ಕಾಲದ್ದು ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಿರೋ ಪ್ರಶ್ನೆಗಳೇ ಈ ಸಲ ಅಂಕಣ ಪೂರ್ತಿ ತುಂಬ್ಕೊಂಡಿವೆ. ಮ್ಯೂಚುವಲ್ ಫಂಡ್, ಸಕ್ಕರೆ ಕಾಯಿಲೆ, ಮಾವಿನ ಗಿಡಕ್ಕೆ ಹುಳ ಅಂತೆಲ್ಲಾ ಕೇಳಿದೋರು ದಯವಿಟ್ಟು ಇನ್ನೊಂದು ಸಂಚಿಕೆ ತಡ್ಕೊಳ್ಳಿ.

ಪ್ರಶ್ನೆ (ಶಿವಮೊಗ್ಗದಿಂದ): ಆಟೋಜೈರೋ ಫೋಟೋ ನೋಡಿದೆ ಸಾರ್, ಮೇಲೆ ಫ್ಯಾನ್ ಇದೆ, ಅದು ಹೆಲಿಕಾಪ್ಟರೇ ಅಲ್ವಾ? ಸುಮ್ನೆ ಇನ್ನೊಂದು ಹೆಸರು ಯಾಕೆ?

ಉತ್ತರ: ಅಲ್ಲ. ಫೋಟೋದಲ್ಲಿ ಇನ್ನೊಂದ್ ಸಲ ನೋಡಿ, ಮೂತಿ ಹತ್ರ ಮಾಮೂಲಿ ವಿಮಾನದ ಪ್ರೊಪೆಲ್ಲರ್ ಇರತ್ತೆ (ಈಗಿನವುಗಳಲ್ಲಿ ಹಿಂದೆ ಇರತ್ತೆ). ಎಂಜಿನ್ ಜೋಡಿಸಿರೋದು ಆ ಪ್ರೊಪೆಲ್ಲರಿಗೆ ಮಾತ್ರ, ಮೇಲಿನ ದೊಡ್ಡ ರೋಟರಿಗೆ ಹಾರುವಾಗ ಎಂಜಿನ್ ಸಂಬಂಧವೇ ಇಲ್ಲ. ಪ್ರೊಪೆಲ್ಲರ್ ಯಂತ್ರಾನ ಮುಂದಕ್ಕೆ ಎಳೆಯತ್ತೆ, ರೋಟರ್ ಸ್ವಲ್ಪ ಹಿಂದಕ್ಕೆ ವಾಲಿರೋದ್ರಿಂದ ಎದುರು ಗಾಳಿ ಅದರ ಕೆಳಗಿಂದ ಮೇಲಕ್ಕೆ ನುಗ್ಗತ್ತೆ, ಜಾತ್ರೇಲಿ ಮಕ್ಕಳು ಗಿರಗಿಟ್ಲೆ ಹಿಡ್ಕೊಂಡು ಓಡ್ತಾರಲ್ಲ ಹಂಗೆ ಅದು ತಾನಾಗೇ ತಿರುಗತ್ತೆ, ತಿರುಗ್ತಾ ಇರೋದ್ರಿಂದ ಎತ್ತುತ್ತೆ. ಹೆಲಿಕಾಪ್ಟರಲ್ಲಿ ಉಲ್ಟಾ, ಎಂಜಿನ್ನೇ ರೋಟರ್ ತಿರುಗಿಸತ್ತೆ, ಗಾಳಿ ಮೇಲಿಂದ ಕೆಳಕ್ಕೆ ಹೋಗತ್ತೆ. ಅದಕ್ಕೇ ಆಟೋಜೈರೋ ಒಂದೇ ಕಡೆ ಆಕಾಶದಲ್ಲಿ ನಿಂತ್ಕೊಳಕ್ಕಾಗಲ್ಲ, ಮುಂದಕ್ಕೆ ಹೋಗ್ತಾ ಇರ್ಬೇಕು ಇಲ್ಲಾ ಇಳೀತಾ ಇರ್ಬೇಕು. ಅದಕ್ಕೆ ಬದಲಾಗಿ ಒಂದು ಲಾಭ: ರೋಟರ್ ತಿರುಗಿಸೋ ಎಂಜಿನ್ ಬಲ ಇಲ್ಲದೇ ಇರೋದ್ರಿಂದ ಮೈ ಉಲ್ಟಾ ದಿಕ್ಕಿಗೆ ತಿರುಗಲ್ಲ, ಹೆಲಿಕಾಪ್ಟರಿಗಿರೋ ಆ ಬಾಲದ ಚಿಕ್ಕ ಫ್ಯಾನ್ ಬೇಕಾಗೋದೇ ಇಲ್ಲ.

ಪ್ರಶ್ನೆ (ಧಾರವಾಡ, ಎಂಜಿನಿಯರಿಂಗ್ ವಿದ್ಯಾರ್ಥಿ): ವಿಮಾನ ಆಗ್ಲೇ ಇತ್ತಲ್ಲ, ಇಂಥದ್ದೊಂದು ಮಾಡ್ಬೇಕು ಅಂತ ಯಾರಿಗೆ ಯಾಕೆ ಅನ್ನಿಸ್ತು?

ಉತ್ತರ: ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಅನ್ನೋನಿಗೆ. 1895ರಲ್ಲಿ ಮುರ್ಸಿಯಾದಲ್ಲಿ ಹುಟ್ಟಿದ, ಅಪ್ಪ ದೊಡ್ಡ ರಾಜಕಾರಣಿ, ಮಂತ್ರಿ ಆಗಿದ್ದೋರು, ದುಡ್ಡಿಗೆ ತಾಪತ್ರಯ ಇರ್ಲಿಲ್ಲ. ಓದಿದ್ದು ಸಿವಿಲ್ ಎಂಜಿನಿಯರಿಂಗ್ ಆದ್ರೂ ತಲೆ ಪೂರ್ತಿ ವಿಮಾನದಲ್ಲಿ. 1912ರಲ್ಲೇ ಇಬ್ಬರು ಗೆಳೆಯರ ಜೊತೆ ಸೇರಿ, ಒಬ್ಬ ಫ್ರೆಂಚ್ ಪೈಲಟ್‌ನ ಮುರಿದುಬಿದ್ದ ವಿಮಾನ ತಗೊಂಡು, ಅದನ್ನ ಹೊಸದಾಗಿ ಕಟ್ಟಿ ಹಾರಿಸಿದ್ರು, ಸ್ಪೇನಲ್ಲಿ ಕಟ್ಟಿ ಹಾರಿಸಿದ ಮೊದಲ ವಿಮಾನ ಅಂತ ಅದನ್ನೇ ಹೇಳೋದು. ಆಗ ಅವನಿಗೆ ಇನ್ನೂ 16-17 ವರ್ಷ.

ಆಮೇಲೆ 1919ರಲ್ಲಿ ಮಿಲಿಟರಿ ಸ್ಪರ್ಧೆಗೆ ಅಂತ ಮೂರು ಎಂಜಿನ್ನಿನ ದೊಡ್ಡ ಬಾಂಬರ್ ಮಾಡ್ದ. ಚೆನ್ನಾಗೇ ಹಾರ್ತಿತ್ತು. ಪೈಲಟ್ ನೆಲದ ಹತ್ರ ಸ್ಪೀಡ್ ಕಮ್ಮಿ ಇಟ್ಕೊಂಡು ತಿರುಗಿಸೋಕೆ ಹೋದ, ವಿಮಾನ ಸ್ಟಾಲ್ ಆಯ್ತು, ಬಿತ್ತು. ಪೈಲಟ್ ಬದುಕ್ಕೊಂಡ, ವಿಮಾನ ಹೋಯ್ತು.

ಸ್ಟಾಲ್ ಅಂದ್ರೆ ಗೊತ್ತಿಲ್ಲದೋರಿಗೆ ಎರಡು ಮಾತು. ರೆಕ್ಕೆ ಎತ್ತಬೇಕು ಅಂದ್ರೆ ಅದರ ಮೇಲೆ ಗಾಳಿ ಸಾಕಷ್ಟು ಜೋರಾಗಿ, ನಯವಾಗಿ ಹರೀಬೇಕು. ಸ್ಪೀಡ್ ಕಮ್ಮಿ ಆದಾಗ ಪೈಲಟ್ ಮೂತಿ ಎತ್ತಿ ಎತ್ತಿ ಎತ್ತಿ ಸರಿದೂಗಿಸ್ತಾನೆ, ಒಂದು ಕೋನ ದಾಟಿದ ತಕ್ಷಣ ಗಾಳಿ ರೆಕ್ಕೆಯಿಂದ ಬಿಟ್ಕೊಂಡುಬಿಡತ್ತೆ, ಎತ್ತೋ ಶಕ್ತಿ ಥಟ್ಟಂತ ಇಳಿಯತ್ತೆ. ಎತ್ತರದಲ್ಲಿ ಆದ್ರೆ ಮೂತಿ ಕೆಳಗೆ ಮಾಡಿ ಸುಧಾರಿಸ್ಕೋಬಹುದು, ನೆಲದ ಹತ್ರ ಆದ್ರೆ ಟೈಮ್ ಇಲ್ಲ.

ಬೇರೆಯವರಾಗಿದ್ರೆ ಪೈಲಟ್‌ಗೆ ಬೈದು ಸುಮ್ನಾಗ್ತಿದ್ರೋ ಏನೋ, ಇವನು ಬೇರೆ ಥರ ಯೋಚನೆ ಮಾಡ್ದ. ರೆಕ್ಕೆಗೆ ಸ್ಪೀಡ್ ಬೇಕು, ಸರಿ, ಆದ್ರೆ ರೆಕ್ಕೆಗೆ ಸ್ಪೀಡ್ ಸಿಗ್ಬೇಕು ಅಂದ್ರೆ ಇಡೀ ವಿಮಾನ ಯಾಕೆ ಓಡ್ಬೇಕು, ರೆಕ್ಕೆ ಒಂದೇ ಓಡಿದ್ರೆ ಸಾಲ್ದಾ? ರೆಕ್ಕೇನ ಸುತ್ತ ತಿರುಗೋ ಹಾಗೆ ಮಾಡಿದ್ರೆ ವಿಮಾನ ಎಷ್ಟೇ ನಿಧಾನ ಆದ್ರೂ ರೆಕ್ಕೆ ಸ್ಪೀಡಲ್ಲೇ ಇರತ್ತೆ. ಗಮನಿಸಿ, ಅವನು ಹೆಲಿಕಾಪ್ಟರ್ ಮಾಡೋಕೆ ಹೊರಟು ಅರ್ಧದಲ್ಲಿ ನಿಂತೋನಲ್ಲ, ಎಷ್ಟೋ ಕಡೆ ಹಂಗೆ ಬರೀತಾರೆ, ಅದು ತಪ್ಪು. ಅವನಿಗೆ ಬೇಕಿದ್ದಿದ್ದು ಸ್ಟಾಲ್ ಆಗಿ ಬೀಳದೇ ಇರೋ ಒಂದು ವಿಮಾನ, ಅಷ್ಟೇ.

ಪ್ರಶ್ನೆ (ಮೈಸೂರಿಂದ, ನಿವೃತ್ತ ಫಿಸಿಕ್ಸ್ ಮೇಷ್ಟ್ರು): ಮೊದಮೊದಲ ಆಟೋಜೈರೋಗಳು ಪಕ್ಕಕ್ಕೆ ಮಗುಚಿ ಬೀಳ್ತಿದ್ವು ಅಂತ ಓದಿದ್ದೀನಿ. ಕಾರಣ ಬಲ್ಲೆ, ಆದ್ರೆ ಪರಿಹಾರ ಹೇಗೆ ಸಿಕ್ತು ಅನ್ನೋದನ್ನ ವಿವರವಾಗಿ ಬರೀರಿ.

ಉತ್ತರ: ನಿಮಗೆ ಕಾರಣ ಗೊತ್ತು, ಎಲ್ಲರಿಗೂ ಗೊತ್ತಿರಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ ಮೇಷ್ಟ್ರೇ. ಲೆಕ್ಕಕ್ಕೆ ಅಂತ ಬ್ಲೇಡಿನ ತುದಿ ಗಂಟೆಗೆ 400 ಕಿಮೀ ವೇಗದಲ್ಲಿ ಸುತ್ತುತ್ತಾ ಇದೆ, ಯಂತ್ರ 100 ಕಿಮೀ ವೇಗದಲ್ಲಿ ಮುಂದೆ ಹೋಗ್ತಿದೆ ಅಂತಿಟ್ಕೊಳಿ. ಒಂದು ಪಕ್ಕದಲ್ಲಿ ಬ್ಲೇಡ್ ಗಾಳಿಗೆ ಎದುರಾಗಿ ಬರತ್ತೆ, ಅದಕ್ಕೆ ಸಿಗೋ ಗಾಳಿ 500. ಇನ್ನೊಂದು ಪಕ್ಕದಲ್ಲಿ ಅದೇ ಬ್ಲೇಡ್ ಗಾಳಿ ಜೊತೆ ಹಿಂದಕ್ಕೆ ಹೋಗತ್ತೆ, ಅಲ್ಲಿ ಸಿಗೋದು 300. ಎತ್ತೋ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗತ್ತೆ, ಅಂದ್ರೆ 25ಕ್ಕೆ 9, ಹತ್ರ ಹತ್ರ ಮೂರು ಪಟ್ಟು ವ್ಯತ್ಯಾಸ. ಒಂದು ಕಡೆ ಮೂರು ಪಟ್ಟು ಜೋರಾಗಿ ಎತ್ತಿದ್ರೆ ಮಗುಚದೇ ಇನ್ನೇನಾಗತ್ತೆ.

ಸಿಯೆರ್ವಾಗೆ ಇದು ಮೊದಲೇ ಗೊತ್ತಿತ್ತು. 1920ರ ಮೊದಲನೇ ಯಂತ್ರ ಸಿ.1ರಲ್ಲಿ ಹಳೇ ದೆಪೆರ್ದುಸ್ಸಾಂ ವಿಮಾನದ ಮೈ ಮೇಲೆ ಒಂದರ ಮೇಲೊಂದು ಎರಡು ರೋಟರ್ ಇಟ್ಟ, ಒಂದು ಬಲಕ್ಕೆ ತಿರುಗಿದ್ರೆ ಇನ್ನೊಂದು ಎಡಕ್ಕೆ, ಒಂದರ ಓರೆ ಇನ್ನೊಂದು ಸರಿಮಾಡತ್ತೆ ಅಂತ. ಪೇಪರ್ ಮೇಲೆ ಸೊಗಸಾಗಿದೆ. ನಿಜದಲ್ಲಿ ಒಂದರ ಗಾಳಿಗೆ ಇನ್ನೊಂದು ಅಡ್ಡ ಬಂದು ಕೆಳಗಿನ ರೋಟರ್ ಮೇಲಿನದಕ್ಕಿಂತ ತುಂಬ ನಿಧಾನ ತಿರುಗ್ತು, ಲೆಕ್ಕ ಎಲ್ಲಾ ಉಲ್ಟಾ ಆಯ್ತು, ನೆಲ ಬಿಟ್ಟು ಏಳಲೇ ಇಲ್ಲ. ಆಮೇಲೆ ಒಂದೇ ರೋಟರಿನ ಸಿ.3, ಅದಾದ್ಮೇಲೆ ಸಿ.2 (ನಂಬರ್ ತಪ್ಪು ಪ್ರಿಂಟ್ ಆಗಿಲ್ಲ, ಸಿ.3 ಮೊದಲು ಮುಗೀತು). ಇವುಗಳಲ್ಲಿ ಬ್ಲೇಡನ್ನೇ ತಿರುಚಿ, ಕೋನ ಬದಲಾಯಿಸಿ ಸರಿಮಾಡೋಕೆ ನೋಡ್ದ. ಓಡೋದು, ಸ್ವಲ್ಪ ಏಳೋದು, ಪಕ್ಕಕ್ಕೆ ಮಗುಚೋದು, ರೋಟರ್ ಪುಡಿ, ಮತ್ತೆ ಕಟ್ಟೋದು, ಮತ್ತೆ ಮಗುಚೋದು, ವರ್ಷಗಟ್ಟಲೆ ಇದೇ ಕಥೆ.

ಇಲ್ಲೊಂದು ವಿಚಿತ್ರ ಇತ್ತು, ನನಗೆ ಈ ಇಡೀ ಕಥೇಲಿ ತುಂಬ ಇಷ್ಟವಾದ ಭಾಗ ಇದೇ. ರಬ್ಬರ್ ಬ್ಯಾಂಡಿಂದ ಹಾರೋ ಒಂದು ಪುಟ್ಟ ಮಾಡೆಲ್ ಮಾಡಿದ್ದ, ಅದು ಮಾತ್ರ ಮಗುಚ್ತಾನೇ ಇರ್ಲಿಲ್ಲ, ಆರಾಮಾಗಿ ಹಾರ್ತಿತ್ತು! ಅದೇ ಆಕಾರ, ಅದೇ ಒಂದು ರೋಟರ್. ದೊಡ್ಡದು ಬೀಳತ್ತೆ, ಚಿಕ್ಕದು ಹಾರತ್ತೆ, ಯಾಕೆ? ತಲೆ ಕೆರ್ಕೊಂಡು ನೋಡಿದಾಗ ಗೊತ್ತಾಗಿದ್ದು, ಮಾಡೆಲ್ಲಿನ ಬ್ಲೇಡಿಗೆ ಒಳಗಡೆ ಬೆತ್ತ ಹಾಕಿದ್ರು. ಬೆತ್ತ ಬಾಗತ್ತೆ. ದೊಡ್ಡ ಯಂತ್ರದ ಬ್ಲೇಡುಗಳನ್ನ ಗಟ್ಟಿಯಾಗಿರ್ಲಿ ಅಂತ ತಂತಿ ಕಟ್ಟಿ ಬಿಗಿದಿದ್ರು, ಬಾಗೋಕೆ ಜಾಗವೇ ಇರ್ಲಿಲ್ಲ.

ಬಾಗಿದ್ರೆ ಏನಾಗತ್ತೆ? ಎದುರು ಬರೋ ಬ್ಲೇಡಿಗೆ ಜಾಸ್ತಿ ಬಲ ಸಿಕ್ಕಿ ಅದು ಮೇಲಕ್ಕೇಳತ್ತೆ, ಮೇಲಕ್ಕೇಳ್ತಾ ಇರುವಾಗ ಗಾಳಿ ಅದಕ್ಕೆ ಸ್ವಲ್ಪ ಮೇಲ್ಗಡೆಯಿಂದ ಬಂದ ಹಾಗಾಗಿ ಕೋನ ಕಮ್ಮಿ ಆಗತ್ತೆ, ಎತ್ತೋ ಬಲ ಇಳಿಯತ್ತೆ. ಹಿಂದಕ್ಕೆ ಹೋಗೋ ಬ್ಲೇಡ್ ಕೆಳಕ್ಕಿಳಿಯತ್ತೆ, ಅದರ ಕೋನ ಜಾಸ್ತಿ ಆಗತ್ತೆ, ಎತ್ತೋ ಬಲ ಏರತ್ತೆ. ಎರಡೂ ಪಕ್ಕ ತಾವಾಗೇ ಸಮ. ಪೈಲಟ್ ಏನೂ ಮಾಡ್ಬೇಕಾಗಿಲ್ಲ, ಲಿವರ್ ಇಲ್ಲ, ಸ್ಪ್ರಿಂಗ್ ಇಲ್ಲ. ಹಂಗಾದ್ರೆ ದೊಡ್ಡ ಬ್ಲೇಡಿಗೆ ಬೆತ್ತ ಹಾಕೋ ಬದಲು ಬುಡದಲ್ಲಿ ಒಂದು ಕೀಲು ಕೊಟ್ಬಿಟ್ರೆ ಸಾಕಲ್ಲ, ತಾನಾಗೇ ಮೇಲೆ ಕೆಳಗೆ ಆಡ್ಕೊಳ್ಳಿ ಅಂತ ಬಿಟ್ಬಿಡೋದು. ಕೀಲಿದ್ರೆ ಬ್ಲೇಡ್ ಮೇಲಕ್ಕೆ ಮಡಚ್ಕೊಂಡ್ಬಿಡಲ್ವಾ ಅಂತ ಕೆಲವರು ಕೇಳ್ತಾರೆ, ಇಲ್ಲ, ತಿರುಗುವಾಗ ಹೊರಕ್ಕೆ ಎಳೆಯೋ ಬಲ ಎಷ್ಟಿರತ್ತೆ ಅಂದ್ರೆ ಆ ಎಳೆತವೇ ಬ್ಲೇಡನ್ನ ಹೆಚ್ಚುಕಮ್ಮಿ ಅಡ್ಡಡ್ಡ ನೆಟ್ಟಗೆ ಇಡತ್ತೆ, ಸ್ವಲ್ಪ ಮೇಲ್ಮುಖವಾಗಿ ಅಷ್ಟೇ.

ಈ ಕೀಲಿಗೆ 1922ರಲ್ಲಿ ಪೇಟೆಂಟಿಗೆ ಹಾಕ್ದ. ಅದನ್ನ ಹಾಕಿದ ಯಂತ್ರವೇ ಸಿ.4.

ಪ್ರಶ್ನೆ (ಬೆಂಗಳೂರು, ಜಯನಗರ): ಈ ಕೀಲಿನ ಐಡಿಯಾ ಅವನಿಗೆ ಒಪೆರಾ ನೋಡ್ತಾ ಕೂತಿದ್ದಾಗ ಹೊಳೀತಂತೆ, ಹೌದಾ?

ಉತ್ತರ: ಹಂಗೊಂದು ಕಥೆ ಇದೆ, ಮ್ಯಾಡ್ರಿಡ್‌ನ ಒಪೆರಾ ಹೌಸಲ್ಲಿ ಕೂತಿದ್ದಾಗ ಥಟ್ ಅಂತ ಹೊಳೀತು ಅಂತ. ಎಲ್ಲಿ ಕೂತಿದ್ದಾಗ ಹೊಳೀತು ಅನ್ನೋದು ನನಗೆ ಅಷ್ಟು ಮುಖ್ಯ ಅನ್ಸಲ್ಲ. ಆ ಬೆತ್ತದ ಮಾಡೆಲ್ ಕಣ್ಮುಂದೆ ಹಾರದೇ ಇದ್ದಿದ್ರೆ ಎಷ್ಟು ಒಪೆರಾ ನೋಡಿದ್ರೂ ಹೊಳೀತಿರ್ಲಿಲ್ಲ.

ಪ್ರಶ್ನೆ (ತುಮಕೂರು): ಸಿ.4 ಮೊದಲನೇ ಸಲ ಎಷ್ಟು ದೂರ ಹಾರ್ತು?

ಉತ್ತರ: 1923ರ ಜನವರಿ, ಮ್ಯಾಡ್ರಿಡ್ ಪಕ್ಕದ ಗೆತಾಫೆ ಮೈದಾನ, ಪೈಲಟ್ ಅಲೆಹಾಂದ್ರೊ ಗೋಮೆಸ್ ಸ್ಪೆನ್ಸರ್ ಅನ್ನೋ ಅಶ್ವದಳದ ಲೆಫ್ಟಿನೆಂಟ್. ಸುಮಾರು 180 ಮೀಟರ್ ಹಾರ್ತು, ನೆಟ್ಟಗೆ, ಮಗುಚದೆ. ಆದ್ರೆ ನಿಜವಾದ ಪರೀಕ್ಷೆ ಅದಾಗಿ ಕೆಲವೇ ದಿನಕ್ಕೆ, ಯಾರೂ ಪ್ಲಾನ್ ಮಾಡದೇ ಆಯ್ತು. ಮೂತಿ ಎತ್ತಿ ಏರ್ತಾ ಇದ್ದಾಗ ಸುಮಾರು 9 ಮೀಟರ್ ಎತ್ತರದಲ್ಲಿ ಎಂಜಿನ್ ನಿಂತೋಯ್ತು. ಮಾಮೂಲಿ ವಿಮಾನ ಆಗಿದ್ರೆ ಅಲ್ಲೇ ಸ್ಟಾಲ್ ಆಗಿ ಮೂತಿ ನೆಲಕ್ಕೆ. ಸಿ.4 ಮೆಲ್ಲಗೆ ಇಳಿದು ನಿಂತ್ಕೊಳ್ತು, ಯಂತ್ರಕ್ಕೂ ಏನಾಗ್ಲಿಲ್ಲ, ಪೈಲಟ್‌ಗೂ ಏನಾಗ್ಲಿಲ್ಲ. 1919ರಿಂದ ಅವನು ಹುಡುಕ್ತಾ ಇದ್ದಿದ್ದೇ ಇದನ್ನ. ಅದೇ ತಿಂಗಳ ಕೊನೆಗೆ ಕ್ವಾತ್ರೊ ವಿಯೆಂತೋಸ್ ಏರೋಡ್ರೋಮಲ್ಲಿ 4 ಕಿಮೀ ಸುತ್ತು ಹಾಕಿ ತೋರಿಸಿದ್ರು.

ಮರುವರ್ಷ ಬ್ರಿಟಿಷರ ಆವ್ರೊ 504 ವಿಮಾನದ ಮೈ ಇಟ್ಕೊಂಡು ಸಿ.6 ಮಾಡ್ದ, 1924 ಡಿಸೆಂಬರ್ 12ಕ್ಕೆ ಕ್ಯಾಪ್ಟನ್ ಲೋರಿಗಾ ಅದನ್ನ ಕ್ವಾತ್ರೊ ವಿಯೆಂತೋಸ್‌ನಿಂದ ಗೆತಾಫೆಗೆ, ಹತ್ತೂವರೆ ಕಿಮೀ, 8 ನಿಮಿಷ 12 ಸೆಕೆಂಡಲ್ಲಿ ಹಾರಿಸ್ಕೊಂಡು ಹೋದ. ಊರಿಂದೂರಿಗೆ ಹೋದ ಮೊದಲ ಆಟೋಜೈರೋ ಪ್ರಯಾಣ ಅದು.

ಪ್ರಶ್ನೆ (ಹಾಸನ): ರೋಟರಿಗೆ ಎಂಜಿನ್ ಇಲ್ಲ ಅಂದ್ರಿ, ಹಂಗಾದ್ರೆ ನೆಲದ ಮೇಲೆ ನಿಂತಿರುವಾಗ ಅದನ್ನ ತಿರುಗಿಸೋರು ಯಾರು?

ಉತ್ತರ: ಒಳ್ಳೇ ಪ್ರಶ್ನೆ, ಎಲ್ಲರೂ ಮರೆಯೋ ಪ್ರಶ್ನೆ. ಮೊದಲು ಹಗ್ಗ! ರೋಟರಿಗೆ ಹಗ್ಗ ಸುತ್ತಿ ಆಳುಗಳು ಎಳೆದು ಓಡ್ತಿದ್ರು, ಇಲ್ಲಾಂದ್ರೆ ಮೈದಾನದಲ್ಲಿ ಸುಮ್ನೆ ಓಡಿಸಿ ಓಡಿಸಿ ಸ್ಪೀಡ್ ಬರಿಸ್ತಿದ್ರು. ಚಿಕ್ಕ ಜಾಗದಿಂದ ಏಳೋ ಯಂತ್ರ ಅಂತ ಜಾಹೀರಾತು, ರೋಟರ್ ತಿರುಗಿಸೋಕೆ ಮಾತ್ರ ದೊಡ್ಡ ಮೈದಾನ ಬೇಕು. ಆಮೇಲೆ ಸಿ.19ರಲ್ಲಿ ಬಾಲಾನ ಮೇಲಕ್ಕೆ ಮಡಚಿ ಪ್ರೊಪೆಲ್ಲರಿನ ಗಾಳೀನ ರೋಟರ್ ಕಡೆ ತಿರುಗಿಸೋ ಉಪಾಯ ಬಂತು, ಕೊನೆಗೆ ಎಂಜಿನ್ನಿಂದ ಒಂದು ಶಾಫ್ಟು, ಕ್ಲಚ್ಚು ಹಾಕಿ ನೆಲದ ಮೇಲಿದ್ದಾಗ ಮಾತ್ರ ತಿರುಗಿಸಿ, ಹೊರಡುವಾಗ ಕ್ಲಚ್ ಬಿಡೋ ಪದ್ಧತಿ ನಿಂತ್ಕೊಳ್ತು.

ಪ್ರಶ್ನೆ (ಧಾರವಾಡದ ಅದೇ ವಿದ್ಯಾರ್ಥಿ): ಕೀಲು ಹಾಕಿದ ಮೇಲೆ ಎಲ್ಲಾ ಸರಿಹೋಯ್ತಾ?

ಉತ್ತರ: ಒಂದು ಕೀಲಿಂದ ಇನ್ನೊಂದು ತೊಂದರೆ ಶುರು ಆಯ್ತು. 1925ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಫ್ರಾಂಕ್ ಕೋರ್ಟ್ನಿ ಅನ್ನೋ ಪೈಲಟ್ ಸಿ.6 ಹಾರಿಸಿ ತೋರಿಸ್ದ, ಬ್ರಿಟಿಷ್ ಸರ್ಕಾರ ಬೆರಗಾಯ್ತು, 1926ರಲ್ಲಿ ಜೇಮ್ಸ್ ವಿಯರ್ ಅನ್ನೋ ಸ್ಕಾಟ್ಲೆಂಡಿನ ಉದ್ಯಮಿಯ ಬೆಂಬಲದಿಂದ ಅಲ್ಲೇ ಸಿಯೆರ್ವಾ ಆಟೋಜೈರೋ ಕಂಪನಿ ಶುರುವಾಯ್ತು. ಫಾರ್ನ್‌ಬರೊದ ಗಣಿತಜ್ಞ ಗ್ಲೌರ್ಟ್ ರೋಟರಿಗೆ ಥಿಯರಿ ಬರೆದ. ಎಲ್ಲಾ ಚೆನ್ನಾಗಿ ನಡೀತಿರುವಾಗ 1927ರ ಫೆಬ್ರವರೀಲಿ ಹ್ಯಾಂಬಲ್ ಅನ್ನೋ ಕಡೆ ಕೋರ್ಟ್ನಿ ಹಾರಿಸ್ತಿದ್ದಾಗ ಒಂದು ಬ್ಲೇಡ್ ಬುಡದಲ್ಲೇ ಕಿತ್ಕೊಂಡು ಹೋಯ್ತು. ಕೋರ್ಟ್ನಿ ಪುಣ್ಯಕ್ಕೆ ಉಳ್ಕೊಂಡ.

ಕಾರಣ ಏನಪ್ಪಾ ಅಂದ್ರೆ, ಬ್ಲೇಡ್ ಮೇಲೆ ಕೆಳಗೆ ಆಡುವಾಗ ಅದರ ತೂಕ ಅಕ್ಷಕ್ಕೆ ಹತ್ರ ಬರತ್ತೆ ದೂರ ಹೋಗತ್ತೆ, ಹತ್ರ ಬಂದಾಗ ಜೋರಾಗಿ ಹೋಗೋಕೆ ನೋಡತ್ತೆ, ದೂರ ಹೋದಾಗ ನಿಧಾನ ಆಗೋಕೆ ನೋಡತ್ತೆ. ಮೇಲೆ ಕೆಳಗೆ ಆಡೋಕೆ ಕೀಲಿದೆ, ಹಿಂದೆ ಮುಂದೆ ಆಡೋಕೆ ಇಲ್ಲ. ಹಂಗಾಗಿ ಪ್ರತಿ ಸುತ್ತಿಗೂ ಬುಡ ಹಿಂದೆ ಮುಂದೆ ಬಾಗಿ ಬಾಗಿ ಸುಸ್ತಾಗಿ ಮುರೀತು. ಪರಿಹಾರ: ಹಿಂದೆ ಮುಂದೆ ಆಡೋಕೂ ಇನ್ನೊಂದು ಕೀಲು, ಜೊತೆಗೆ ಜಾಸ್ತಿ ಆಡದ ಹಾಗೆ ಒಂದು ಡ್ಯಾಂಪರ್. ಇದಾದ ಮೇಲೆ ಸಿಯೆರ್ವಾ ತಾನೇ ಪೈಲಟ್ ಲೈಸೆನ್ಸ್ ಮಾಡಿಸ್ಕೊಂಡ. ತಾನು ಮಾಡಿದ್ದನ್ನ ಇನ್ನೊಬ್ಬರ ಕೈಲಿ ಹಾರಿಸಿ ಅವರು ಹೇಳಿದ್ದು ಕೇಳೋದಕ್ಕಿಂತ ತಾನೇ ಕೂತು ನೋಡೋದು ಮೇಲು ಅಂತ ಅನ್ನಿಸಿರ್ಬೇಕು, ಅದು ನನ್ನ ಊಹೆ. 1928 ಸೆಪ್ಟೆಂಬರ್ 18ಕ್ಕೆ ಒಬ್ಬ ಫ್ರೆಂಚ್ ಪತ್ರಿಕಾ ಸಂಪಾದಕನ್ನ ಹಿಂದೆ ಕೂರಿಸ್ಕೊಂಡು ಸಿ.8 ಯಂತ್ರದಲ್ಲಿ ತಾನೇ ಇಂಗ್ಲಿಷ್ ಚಾನೆಲ್ ದಾಟಿ ಪ್ಯಾರಿಸ್ಸಿನ ಲ ಬುರ್ಜೆ ಏರ್‌ಪೋರ್ಟಿಗೆ ಹೋಗಿ ಇಳಿದ.

ಪ್ರಶ್ನೆ (ದಾವಣಗೆರೆ): ಅಮೆರಿಕದೋರು ಇದನ್ನ ತಗೊಳ್ಲಿಲ್ವಾ?

ಉತ್ತರ: ತಗೊಂಡ್ರು, ಹೆರಾಲ್ಡ್ ಪಿಟ್‌ಕೇರ್ನ್ ಅನ್ನೋನು ಲೈಸೆನ್ಸ್ ತಗೊಂಡು ಪೆನ್ಸಿಲ್ವೇನಿಯಾದಲ್ಲಿ ಮಾಡ್ದ. ಅವನ ಪಿಸಿಎ-2 ಯಂತ್ರದಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಅನ್ನೋ ಹೆಸರಾಂತ ಪೈಲಟ್ 1931ರ ಏಪ್ರಿಲಲ್ಲಿ 18,415 ಅಡಿ ಏರಿ ರೆಕಾರ್ಡ್ ಮಾಡಿದ್ಲು, ಅದೇ ತಿಂಗಳು ಒಂದನ್ನ ಶ್ವೇತಭವನದ ಹುಲ್ಲುಹಾಸಿನ ಮೇಲೇ ಇಳಿಸಿದ್ರು. ಪೇಪರ್‌ನೋರು, ಕಂಪನಿಗಳು ಜಾಹೀರಾತಿಗೆ ಅಂತ ಕೊಂಡ್ರು. ಆಮೇಲೆ ಆರ್ಥಿಕ ಕುಸಿತದಲ್ಲಿ ಮಾರ್ಕೆಟ್ ಬಿತ್ತು. ಇನ್ನೊಂದು ವಿಷಯ, ಈ ರೋಟರ್ ಪೇಟೆಂಟ್‌ಗಳನ್ನ ಸರ್ಕಾರ ಹೆಲಿಕಾಪ್ಟರಲ್ಲಿ ಬಳಸ್ಕೊಳ್ತು ಅಂತ ಪಿಟ್‌ಕೇರ್ನ್ ಕಂಪನಿ 1951ರಲ್ಲಿ ಕೇಸ್ ಹಾಕ್ತು, ಅದು 1970ರ ದಶಕದ ತನಕ ಎಳೀತು, ಕೊನೆಗೆ ಗೆದ್ದಿದ್ದು ಕಂಪನಿಯೇ. ಅಷ್ಟೊತ್ತಿಗೆ ಪಿಟ್‌ಕೇರ್ನ್ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು.

ಪ್ರಶ್ನೆ (ಕಲಬುರಗಿ): ಆಟೋಜೈರೋ ಇದ್ದಲ್ಲಿಂದಲೇ ನೇರ ಮೇಲಕ್ಕೆ ಏಳಲ್ಲ ಅಂತಾರೆ, ಆದ್ರೆ ನಾನು ನೋಡಿದ ಹಳೇ ವಿಡಿಯೋದಲ್ಲಿ ಛಂಗನೆ ಎದ್ದಿತ್ತು. ಯಾವುದು ನಿಜ?

ಉತ್ತರ: ಎರಡೂ ನಿಜ. ಮೊದಲಿನವು ಸ್ವಲ್ಪ ದೂರ ಓಡಲೇಬೇಕಿತ್ತು. 1930ರ ದಶಕದಲ್ಲಿ ಎರಡು ದೊಡ್ಡ ಬದಲಾವಣೆ ಆಯ್ತು. ಒಂದು, ಮೊದಲಿನವುಗಳಿಗಿದ್ದ ಚಿಕ್ಕ ರೆಕ್ಕೆ, ಏಲೆರಾನ್ (ಯಂತ್ರಾನ ಪಕ್ಕಕ್ಕೆ ವಾಲಿಸೋಕೆ ರೆಕ್ಕೆ ಅಂಚಲ್ಲಿರೋ ಆಡೋ ಹಲಗೆ) ಎಲ್ಲಾ ತೆಗೆದುಹಾಕಿ ರೋಟರನ್ನೇ ಬೇಕಾದ ಕಡೆ ವಾಲಿಸಿ ಯಂತ್ರ ನಡೆಸೋದು. ತಮಾಷೆ ಅಂದ್ರೆ ಸಿ.4ರಲ್ಲೇ ರೋಟರ್ ವಾಲಿಸೋಕೆ ನೋಡಿದ್ದ, ಆಗ ಪೈಲಟ್ ಕೈಗೆ ಅಷ್ಟು ಬಲ ಸಾಲದೆ ಬಿಟ್ಟಿದ್ದ. ಹತ್ತು ವರ್ಷ ಆದ್ಮೇಲೆ ಅದೇ ಕೈಗೂಡ್ತು, ಯಾಕೆ ಬೇಕಾಗಿತ್ತು ಅಂದ್ರೆ ನಿಧಾನ ಹಾರುವಾಗ ಏಲೆರಾನ್ ಮೇಲೆ ಗಾಳಿಯೇ ಇರಲ್ಲ, ಯಂತ್ರ ಬೀಳಲ್ಲ ಆದ್ರೆ ಮಾತೂ ಕೇಳಲ್ಲ. ಸಿ.30ರಲ್ಲಿ ಮೇಲಿಂದ ಜೋತಾಡೋ ಒಂದು ಕೋಲು, ಅದನ್ನ ಹಿಡ್ಕೊಂಡು ರೋಟರ್ ವಾಲಿಸೋದು, ಅಷ್ಟೇ ಕಂಟ್ರೋಲ್. 140 ಅಶ್ವಶಕ್ತಿ ಎಂಜಿನ್, ಗಂಟೆಗೆ 177 ಕಿಮೀ. 1934 ಮಾರ್ಚಲ್ಲಿ ಸಿಯೆರ್ವಾ ಇದನ್ನ ಸ್ಪೇನ್ ನೌಕಾಪಡೆಯ ದೇದಾಲೊ ಹಡಗಿನ ಮೇಲೆ ಇಳಿಸಿ, ಅಲ್ಲಿಂದಲೇ ಹಾರಿಸ್ಕೊಂಡು ಹೋದ.

ಎರಡನೇದು ನೀವು ನೋಡಿದ ಜಿಗಿತ. ನೆಲದ ಮೇಲೆ ಬ್ಲೇಡುಗಳನ್ನ ಕೋನವೇ ಇಲ್ಲದ ಹಾಗೆ ಮಟ್ಟಸವಾಗಿಟ್ಟು ಎಂಜಿನ್ನಿಂದ ರೋಟರನ್ನ ಬೇಕಾದ್ದಕ್ಕಿಂತ ಜಾಸ್ತಿ ಸ್ಪೀಡಲ್ಲಿ ತಿರುಗಿಸ್ತಾರೆ, ಎತ್ತೋ ಬಲ ಇಲ್ಲದ್ದರಿಂದ ಯಂತ್ರ ನೆಲದಲ್ಲೇ ಇರತ್ತೆ. ಕ್ಲಚ್ ಬಿಟ್ಟ ತಕ್ಷಣ ಬ್ಲೇಡಿಗೆ ಕೋನ ಬರತ್ತೆ, ರೋಟರಲ್ಲಿ ಕೂಡಿಟ್ಟಿದ್ದ ಶಕ್ತಿ ಎಲ್ಲಾ ಒಂದೇ ಸಲ ಖರ್ಚಾಗಿ ಯಂತ್ರ ಜಿಗಿಯತ್ತೆ, ಅಷ್ಟರಲ್ಲಿ ಪ್ರೊಪೆಲ್ಲರ್ ಮುಂದಕ್ಕೆ ಎಳ್ಕೊಂಡಿರತ್ತೆ. ಕೋನ ತರೋಕೆ ಬೇರೆ ಯಂತ್ರ ಇಟ್ಟಿರ್ಲಿಲ್ಲ. ಆ ಕೋರ್ಟ್ನಿ ಅಪಘಾತ ಆದ್ಮೇಲೆ ಬಂತಲ್ಲ ಹಿಂದೆ ಮುಂದೆ ಆಡೋ ಕೀಲು, ಅದನ್ನೇ ಸ್ವಲ್ಪ ಓರೆಯಾಗಿ ಕೂರಿಸಿದ್ರು. ಎಂಜಿನ್ ತಿರುಗಿಸುವಾಗ ಬ್ಲೇಡ್ ಹಿಂದಕ್ಕೆ ವಾಲಿ ಕೋನ ಸೊನ್ನೆ, ಎಂಜಿನ್ ಬಿಟ್ಟಾಗ ಮುಂದಕ್ಕೆ ಬಂದು ಕೋನ ಹುಟ್ಟತ್ತೆ. ಸಿ.4ರ ಕೀಲು ದೊಡ್ಡದು ಅಂತ ಎಲ್ಲರೂ ಹೊಗಳ್ತಾರೆ, ನನ್ನ ಕೇಳಿದ್ರೆ ಜಾಣತನದಲ್ಲಿ ಇದು ಒಂದು ಕೈ ಮೇಲೆ. 1936ರ ಜುಲೈನಲ್ಲಿ ಲಂಡನ್ ಹತ್ರದ ಹೌನ್ಸ್‌ಲೋ ಹೀತಲ್ಲಿ ಜನರ ಮುಂದೆ ಜಿಗಿಸಿ ತೋರಿಸಿದ್ರು.

ಪ್ರಶ್ನೆ (ಉಡುಪಿ): ಅಷ್ಟೊಂದು ಸೇಫ್ ಯಂತ್ರ ಮಾಡಿದೋನು ವಿಮಾನ ಅಪಘಾತದಲ್ಲೇ ಸತ್ತ ಅಂತ ಕೇಳಿದೆ, ವಿಧಿ ಅಲ್ವಾ?

ಉತ್ತರ: ವಿಧಿ ಅಂತ ಎಲ್ಲರೂ ಬರೀತಾರೆ, ನಾನು ಬರೆಯಲ್ಲ. 1936 ಡಿಸೆಂಬರ್ 9, ಕ್ರಾಯ್ಡನ್ ಏರ್‌ಪೋರ್ಟು, ದಟ್ಟ ಮಂಜು, ಆಮ್‌ಸ್ಟರ್‌ಡ್ಯಾಮಿಗೆ ಹೊರಟಿದ್ದ ಕೆಎಲ್‌ಎಂ ಡಿಸಿ-2 ಏಳ್ತಾ ದಾರಿ ತಪ್ಪಿ ಮನೆಗಳಿಗೆ ಬಡೀತು. ಅದರಲ್ಲಿದ್ದ ಸಿಯೆರ್ವಾಗೆ ಆಗ 41 ವರ್ಷ. ಸ್ವೀಡನ್ನಿನ ಮಾಜಿ ಪ್ರಧಾನಿ ಲಿಂಡ್‌ಮನ್ ಕೂಡ ಅದರಲ್ಲೇ ತೀರಿಕೊಂಡ್ರು. ಅವನು ಪ್ರಯಾಣಿಕ ಅಷ್ಟೇ, ಅವನ ಕೆಲಸಕ್ಕೂ ಆ ಮಂಜಿಗೂ ಸಂಬಂಧ ಇಲ್ಲ.

ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. ಅದೇ ವರ್ಷ ಜುಲೈನಲ್ಲಿ, ಮುಂದೆ ಸ್ಪೇನ್ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೋನ ಸೇನಾ ದಂಗೆಗೆ ಅಂತ ಕ್ಯಾನರಿ ದ್ವೀಪದಿಂದ ಮೊರಾಕ್ಕೋಗೆ ಕರ್ಕೊಂಡು ಹೋಗೋಕೆ ಇಂಗ್ಲೆಂಡಲ್ಲಿ ವಿಮಾನ ಬಾಡಿಗೆಗೆ ಹಿಡಿಯೋ ಕೆಲಸಕ್ಕೆ ಸಿಯೆರ್ವಾ ಸಹಾಯ ಮಾಡಿದ್ದ, ಆಮೇಲೆ ಸ್ಪೇನಲ್ಲಿ ನಡೆದ ಅಂತರ್ಯುದ್ಧ ಎಲ್ಲರಿಗೂ ಗೊತ್ತು. ಅವನ ತಮ್ಮನೂ ಆ ಯುದ್ಧದಲ್ಲೇ ಕೊಲೆಯಾದ, ಇನ್ನೊಂದು ಪಕ್ಷದವರ ಕೈಲಿ. ಮುರ್ಸಿಯಾ ಏರ್‌ಪೋರ್ಟಿಗೆ ಅವನ ಹೆಸರಿಡೋ ವಿಷಯದಲ್ಲಿ ಈ ಕಾಲದಲ್ಲೂ ಜಗಳ ಆಗಿದ್ದು ಇದೇ ಕಾರಣಕ್ಕೆ. ಒಳ್ಳೇ ಎಂಜಿನಿಯರ್ ಅನ್ನೋದು ಬೇರೆ, ಇದು ಬೇರೆ, ಎರಡನ್ನೂ ಹೇಳ್ಬೇಕು.

ಪ್ರಶ್ನೆ (ಬೆಂಗಳೂರು, ಮಾರತ್ತಹಳ್ಳಿ): ನಮ್ಮ ಮನೆ ಮೇಲೆ ದಿನಾ ಎಚ್‌ಎಎಲ್ ಹೆಲಿಕಾಪ್ಟರ್ ಹೋಗತ್ತೆ. ಅದರಲ್ಲಿ ಸಿಯೆರ್ವಾ ಕೀಲು ಇದೆಯಾ? ಆಟೋಜೈರೋ ಯಾಕೆ ಮೂಲೆಗೆ ಬಿತ್ತು?

ಉತ್ತರ: ಮೂಲೆಗೆ ಬಿದ್ದಿದ್ದು ಹೆಲಿಕಾಪ್ಟರ್ ಬಂದಿದ್ದಕ್ಕೆ. ಜರ್ಮನಿಯ ಫೋಕ ವುಲ್ಫ್ ಕಂಪನಿ ಸಿಯೆರ್ವಾ ಲೈಸೆನ್ಸಲ್ಲೇ ಆಟೋಜೈರೋ ಮಾಡ್ತಿತ್ತು, ಅಲ್ಲಿ ಕಲಿತ ರೋಟರ್ ವಿದ್ಯೆ ಇಟ್ಕೊಂಡು 1936ರ ಜೂನಲ್ಲಿ ಎಫ್‌ಡಬ್ಲ್ಯು 61 ಹೆಲಿಕಾಪ್ಟರ್ ಹಾರಿಸಿತು. 1939ರಲ್ಲಿ ಅಮೆರಿಕದಲ್ಲಿ ಸಿಕೋರ್ಸ್ಕಿ ಅನ್ನೋನ ವಿಎಸ್-300 ಹೆಲಿಕಾಪ್ಟರ್ ಬಂತು. ಒಂದೇ ಕಡೆ ನಿಲ್ಲೋ ಯಂತ್ರ ಬಂದ ಮೇಲೆ ನಿಲ್ಲಲಾರದ್ದು ಯಾರಿಗೆ ಬೇಕು? ಆದ್ರೂ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಸಿ.30ಗಳನ್ನ ರೇಡಾರ್ ಸರಿಹೊಂದಿಸೋಕೆ ಬಳಸಿದ್ರು, ಗೊತ್ತಿರೋ ಜಾಗದ ಮೇಲೆ ನಿಧಾನಕ್ಕೆ ಸುತ್ತೋಕೆ ಅದಕ್ಕಿಂತ ಒಳ್ಳೇದು ಇರ್ಲಿಲ್ಲ.

ನಿಮ್ಮ ಮನೆ ಮೇಲೆ ಹೋಗೋದು ಚೇತಕ್ ಆದ್ರೆ, ಹೌದು, ಅದರ ಮೂರು ಬ್ಲೇಡಿಗೂ ಮೇಲೆ ಕೆಳಗಿನ ಕೀಲೂ ಇದೆ, ಹಿಂದೆ ಮುಂದಿನ ಕೀಲೂ ಇದೆ, ಎರಡೂ 1920ರ ದಶಕದ ಪಾಠ. ಧ್ರುವ ಆದ್ರೆ ಕೀಲೇ ಇಲ್ಲ. ಅದರಲ್ಲಿ ಕಾಂಪೋಸಿಟ್ (ನಾರಿಗೆ ಅಂಟು ಸೇರಿಸಿ ಮಾಡಿದ) ವಸ್ತುವಿನ ಬುಡವೇ ಬಾಗತ್ತೆ, ಅಂದ್ರೆ ಆ ಆಟಿಕೆ ಮಾಡೆಲ್ಲಿನಲ್ಲಿ ಬೆತ್ತ ಮಾಡಿದ ಕೆಲಸವನ್ನ ಇಲ್ಲಿ ಕಾಂಪೋಸಿಟ್ ಮಾಡ್ತಿದೆ. ಬ್ಲೇಡ್ ಆಡಲೇಬೇಕು, ಆಡದ ಹಾಗೆ ಮಾಡಿ ಹಾರಿಸೋದು ಒಂದು ರೋಟರಿನ ಹೆಲಿಕಾಪ್ಟರಲ್ಲಿ ಈಗಲೂ ಆಗಲ್ಲ.

ಪ್ರಶ್ನೆ (ಚಿಕ್ಕಮಗಳೂರು): ಯೂಟ್ಯೂಬಲ್ಲಿ ಪ್ಲಾನ್ ಸಿಗತ್ತೆ, ಬೈಕ್ ಎಂಜಿನ್ ಹಾಕಿ ಮನೇಲೇ ಒಂದು ಜೈರೋ ಮಾಡ್ಬೋದಾ? ಸ್ಟಾಲ್ ಆಗಲ್ಲ ಅಂದ್ಮೇಲೆ ಭಯ ಏನು?

ಉತ್ತರ: ಮಾಡ್ಬೇಡಿ. ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಪರ್ಮಿಷನ್ ಇಲ್ದೆ ಹಾರಿಸೋದು ಕಾನೂನಿಗೆ ವಿರುದ್ಧ, ಅದು ಒಂದು. ಇನ್ನೊಂದು, ಸ್ಟಾಲ್ ಆಗಲ್ಲ ಅನ್ನೋದೇ ಜನಾನ ಮೋಸ ಮಾಡತ್ತೆ. ರೋಟರ್ ತಿರುಗೋದು ಕೆಳಗಿಂದ ಬರೋ ಗಾಳಿಗೆ. ಸ್ಪೀಡಲ್ಲಿ ಹೋಗ್ತಾ ಇದ್ದಾಗ ಗಾಬರಿಯಾಗಿ ಕೋಲನ್ನ ಥಟ್ಟಂತ ಮುಂದಕ್ಕೆ ತಳ್ಳಿದ್ರೆ ಆ ಗಾಳಿ ನಿಂತುಹೋಗತ್ತೆ, ರೋಟರ್ ಸ್ಪೀಡ್ ಕಳ್ಕೊಳತ್ತೆ, ಎತ್ತರದಲ್ಲಿ ಕೂರಿಸಿರೋ ಪ್ರೊಪೆಲ್ಲರಿನ ತಳ್ಳಾಟಕ್ಕೆ ಯಂತ್ರ ಮೂತಿ ಮುಂದಾಗಿ ಪಲ್ಟಿ ಹೊಡೆಯತ್ತೆ, ಬ್ಲೇಡು ಬಾಲಕ್ಕೆ ಬಡಿದ್ರೂ ಬಡೀಬೋದು. ಅಲ್ಲಿಂದ ಸುಧಾರಿಸ್ಕೊಳ್ಳೋ ದಾರಿ ಇಲ್ಲ. ವಿಮಾನ ಓಡಿಸಿ ಅಭ್ಯಾಸ ಇರೋರೇ ಈ ತಪ್ಪು ಮಾಡೋದು, ಯಾಕಂದ್ರೆ ವಿಮಾನದಲ್ಲಿ ಸ್ಟಾಲ್ ತಪ್ಪಿಸೋಕೆ ಮೂತಿ ಕೆಳಗೆ ಮಾಡಿ ಅಂತಾನೇ ಹೇಳಿಕೊಟ್ಟಿರ್ತಾರೆ.